ಒಂದು ಅಚ್ಚು, ನೂರು ಸರ್ವರ್

ಮಂಗಳೂರಿನ ಹಳೆಯ ಮನೆಗಳ ಮಾಡಿನತ್ತ ಒಮ್ಮೆ ಕತ್ತೆತ್ತಿ ನೋಡಿ. ಸಾಲುಸಾಲಾಗಿ ಕೆಂಪು ಹಂಚುಗಳು, ಒಂದರಂತೆಯೇ ಇನ್ನೊಂದು. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ದೇಶವಿದೇಶಗಳಿಗೆ ಹೋಯಿತು. ಎಲ್ಲ ಹಂಚುಗಳೂ ಒಂದೇ ಆಕಾರದಲ್ಲಿ ಬರಲು ಕಾರಣ ಅಚ್ಚು. ಅಚ್ಚಿನಲ್ಲೇ ದೋಷವಿದ್ದರೆ? ಪ್ರತಿಯೊಂದು ಹಂಚಿನಲ್ಲೂ ಅದೇ ದೋಷ!

ಈ ಮಾತು ಕಂಪ್ಯೂಟರ್ ಜಗತ್ತಿಗೂ ಸಲ್ಲುತ್ತದೆ. ಪರೀಕ್ಷೆಯ ಫಲಿತಾಂಶ, ರೈಲು ಟಿಕೆಟ್, ಬ್ಯಾಂಕ್ ಲೆಕ್ಕ ಇವನ್ನೆಲ್ಲ ನಮಗೆ ಒದಗಿಸುವ ಕಂಪ್ಯೂಟರೇ ಸರ್ವರ್. ಅದು ಹೇಗೆ ನಡೆದುಕೊಳ್ಳಬೇಕೆಂಬ ಸೂಚನೆಗಳು ಕಾನ್ಫಿಗರೇಷನ್ ಫೈಲುಗಳಲ್ಲಿರುತ್ತವೆ. ನೂರು ಸರ್ವರ್‌ಗಳಿಗೆ ಇವನ್ನು ಕೈಯಿಂದ ಬರೆಯುತ್ತ ಕೂರಲಾದೀತೆ? ಅದಕ್ಕಾಗಿ ಅಚ್ಚೊಂದನ್ನು, ಅಂದರೆ ಟೆಂಪ್ಲೇಟನ್ನು, ಮಾಡಿ, ಬದಲಾಗುವ ಜಾಗಗಳನ್ನು ಖಾಲಿ ಬಿಡುತ್ತಾರೆ. 2012ರಲ್ಲಿ ಬಂದ ಆನ್ಸಿಬಲ್‌ನಂಥ ತಂತ್ರಾಂಶ ಆ ಜಾಗಗಳನ್ನು ತುಂಬಿ, ಫೈಲನ್ನು ಎಲ್ಲ ಸರ್ವರ್‌ಗಳಿಗೂ ತಲುಪಿಸುತ್ತದೆ. ತುಂಬುವ ಸಾಧನದ ಹೆಸರು ಜಿಂಜಾ. ಜಪಾನಿ ಭಾಷೆಯಲ್ಲಿ ಹಾಗೆಂದರೆ ದೇಗುಲ. ‘ಟೆಂಪಲ್’, ‘ಟೆಂಪ್ಲೇಟ್’ ಶಬ್ದಗಳ ಸಾಮ್ಯದಿಂದ ಹುಟ್ಟಿದ ಹೆಸರಿದು.

ಖಾಲಿ ಜಾಗಕ್ಕೆ ಒಂದೇ ಹೆಸರು ಬಂದರೆ ತೊಂದರೆಯಿಲ್ಲ. ಪಟ್ಟಿ ಬಂದಾಗ ಮಾತ್ರ ಎಚ್ಚರ ಬೇಕು.

ಒಂದು ಉದಾಹರಣೆ ನೋಡೋಣ. ದೂರದಿಂದ ಸರ್ವರ್‌ನ ಒಳಗೆ ಹೋಗಲು ಓಪನ್ ಎಸ್ಎಸ್ಎಚ್ ಎಂಬ ಬಾಗಿಲಿದೆ. ಅದರ ಫೈಲಿನಲ್ಲಿ ‘ಅಲೌ ಯೂಸರ್ಸ್’ ಎಂಬ ಸಾಲು ಬರೆದರೆ, ಅಲ್ಲಿ ಹೆಸರಿರುವವರಿಗೆ ಮಾತ್ರ ಪ್ರವೇಶ. ರವಿ, ಲೀಲಾ, ಜಾನ್ ಈ ಮೂವರನ್ನು ಒಳಗೆ ಬಿಡಬೇಕೆಂದುಕೊಳ್ಳಿ. ಪಟ್ಟಿಯನ್ನು ಇದ್ದಂತೆಯೇ ಟೆಂಪ್ಲೇಟಿಗೆ ಸುರಿದರೆ ಫೈಲಿನಲ್ಲಿ ಮೂಡುವುದು ಹೀಗೆ:

['ರವಿ', 'ಲೀಲಾ', 'ಜಾನ್']

ಈ ಆವರಣ, ಉದ್ಧರಣ ಚಿಹ್ನೆಗಳು ಪೈಥಾನ್ ಭಾಷೆಯವು. ಬಾಗಿಲು ಕಾಯುವವನಿಗೆ ಆ ಭಾಷೆ ತಿಳಿಯದು. ಸರಿ, ಅವನ್ನು ತೆಗೆದು ನಡುವೆ ಅಲ್ಪವಿರಾಮವನ್ನಷ್ಟೇ ಇಟ್ಟರೆ?

ರವಿ,ಲೀಲಾ,ಜಾನ್

ಇದೂ ತಪ್ಪೇ! ಈ ಸಾಲಿನಲ್ಲಿ ಹೆಸರುಗಳ ನಡುವೆ ಇರಬೇಕಾದದ್ದು ಖಾಲಿ ಸ್ಥಳ. ಮೂರು ಹೆಸರು ಸೇರಿ ಒಂದೇ ಉದ್ದ ಹೆಸರಾಯಿತು. ಆ ಹೆಸರಿನವರು ಯಾರೂ ಇಲ್ಲ. ಮೂವರೂ ಹೊರಗೆ, ಅದೂ ನೂರು ಸರ್ವರ್‌ಗಳಿಂದ. ವಿಚಿತ್ರವೆಂದರೆ ಅದೇ ಫೈಲಿನ ‘ಸೈಫರ್ಸ್’ ಎಂಬ ಸಾಲಿಗೆ ಅಲ್ಪವಿರಾಮವೇ ಬೇಕು. ಆದ್ದರಿಂದ ಪಟ್ಟಿಯನ್ನು ಹೇಗೆ ಬರೆಯಬೇಕೆಂದು ತೀರ್ಮಾನಿಸುವುದು ಬರೆಯುವವರಲ್ಲ, ಓದುವ ತಂತ್ರಾಂಶ.

ಪರಿಹಾರ ಸುಲಭ. ಒಂದೇ ಸಾಲಿನ ಪಟ್ಟಿಗೆ ಜಿಂಜಾದ ‘ಜಾಯಿನ್’ ಬಳಸಿ. ನಡುವೆ ಏನಿರಬೇಕೆಂದು ನೀವೇ ಹೇಳಬಹುದು. ಒಂದೊಂದು ಹೆಸರಿಗೂ ಪ್ರತ್ಯೇಕ ಸಾಲು ಬೇಕಿದ್ದರೆ ‘ಫಾರ್’ ಎಂಬ ಆವರ್ತನೆ. ಫೈಲು ಜೆಸನ್ ಮಾದರಿಯದಾದರೆ ಅದಕ್ಕೆ ಜೋಡಿ ಉದ್ಧರಣ ಚಿಹ್ನೆಗಳೇ ಬೇಕು. ಆಗ ‘ಟು ಜೆಸನ್’ ಎಂಬ ಸಿದ್ಧ ಸೂಚನೆಯಿದೆ.

ಇನ್ನೊಂದು ಮಾತು. ಒಬ್ಬರೇ ಇದ್ದಾರೆಂದು ಪಟ್ಟಿಯ ಬದಲು ಬರೀ ‘ರವಿ’ ಎಂದು ಕೊಟ್ಟರೆ, ‘ಜಾಯಿನ್’ ಅದರ ಅಕ್ಷರಗಳನ್ನೇ ಬಿಡಿಸಿಡುತ್ತದೆ. ಇಂಗ್ಲಿಷಿನಲ್ಲಿ ಬರೆದ ಹೆಸರು ಆರ್, ಎ, ವಿ, ಐ ಎಂಬ ನಾಲ್ವರಾಗುತ್ತದೆ! ಒಬ್ಬರೇ ಇದ್ದರೂ ಪಟ್ಟಿ ಪಟ್ಟಿಯಾಗಿಯೇ ಇರಲಿ.

ಆನ್ಸಿಬಲ್‌ನಲ್ಲಿ ಫೈಲನ್ನು ಜಾಗಕ್ಕೆ ಇಡುವ ಮುನ್ನ ಪರೀಕ್ಷಿಸುವ ‘ವ್ಯಾಲಿಡೇಟ್’ ಸೌಲಭ್ಯವಿದೆ. ಅದನ್ನು ತಪ್ಪದೆ ಬಳಸಿ. ಆದರೆ ಅದನ್ನೇ ನಂಬಿ ಕೂರಬೇಡಿ. ಅದು ಹಿಡಿಯುವುದು ವ್ಯಾಕರಣದ ತಪ್ಪನ್ನು. ಮೂರು ಹೆಸರು ಒಂದಾದದ್ದು ಅದರ ಕಣ್ಣಿಗೆ ತಪ್ಪಾಗಿ ಕಾಣದು. ಆದ್ದರಿಂದ ಮೊದಲು ಒಂದೇ ಸರ್ವರ್‌ಗೆ ಕಳುಹಿಸಿ. ಈಗಾಗಲೇ ಒಳಗಿರುವ ಸಂಪರ್ಕವನ್ನು ಕಡಿಯದೆ, ಇನ್ನೊಂದು ಕಿಟಕಿಯಿಂದ ಹೊಸದಾಗಿ ಪ್ರವೇಶಿಸಿ ನೋಡಿ. ಬಾಗಿಲು ತೆರೆದರೆ ಸರಿ. ತೆರೆಯದಿದ್ದರೆ, ಒಳಗಿರುವ ನೀವೇ ತಿದ್ದಬಹುದು.

ಮೊದಲ ಹಂಚನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಉಳಿದ ತೊಂಬತ್ತೊಂಬತ್ತನ್ನು ಆಮೇಲೆ ಒತ್ತಿದರಾಯಿತು.