ತನ್ನ ಪರಿಚಯ ತಾನೇ ಹೇಳುವ ಧ್ವನಿ ಸಾಧನ

ಶಿರಸಿ ತಾಲೂಕಿನ ಹೆಗಡೆಕಟ್ಟಾದ ತೋಟದಿಂದ ಹೊರಟ ಅಡಿಕೆಯು ಮಾರುಕಟ್ಟೆಗೆ ಬರುವಾಗ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಮೊದಲಾದ ಹೆಸರುಗಳಲ್ಲೊಂದನ್ನು ಹೊತ್ತಿರುತ್ತದೆ. ದರ ಬರೆಯುವ ವ್ಯಾಪಾರಿ ಬೆಳೆಗಾರನನ್ನು ಕಂಡಿರಬೇಕಾಗಿಲ್ಲ. ದರ್ಜೆಯ ಹೆಸರು ಇಬ್ಬರಿಗೂ ಒಂದೇ ಅರ್ಥ ಕೊಟ್ಟರೆ ವ್ಯವಹಾರ ಕುದುರುತ್ತದೆ. ಗಣಕಯಂತ್ರಕ್ಕೂ ಅದಕ್ಕೆ ಜೋಡಿಸುವ ಮೈಕು, ಸ್ಪೀಕರುಗಳಿಗೂ ನಡುವೆ ಇಂತಹುದೇ ಒಂದು ಸಮಾನ ಭಾಷೆಯ ಅಗತ್ಯವಿದೆ. ವಿದ್ಯುನ್ಮಾನ ಸಾಮಗ್ರಿ ತಯಾರಿಸುವ, ಜೋಡಿಸುವ ಹಾಗೂ ಮಾರುವ ಸಣ್ಣ ಉದ್ದಿಮೆದಾರರಿಗೆ ಇದು ಲಾಭ-ನಷ್ಟದ ಪ್ರಶ್ನೆ.

ಸಾಧನವೊಂದು ತನ್ನದೇ ಡ್ರೈವರ್ ತಂತ್ರಾಂಶವನ್ನು ಬೇಡಿದರೆ, ತಯಾರಕನು ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಿಗೆ ಬೇರೆ ಬೇರೆಯಾಗಿ ಅದನ್ನು ಬರೆಸಬೇಕು. ಆವೃತ್ತಿ ಬದಲಾದಾಗ ಮತ್ತೆ ತಿದ್ದಿಸಬೇಕು. ತಿದ್ದಿಸದಿದ್ದರೆ, ಕೆಡದ ಸಾಧನವೂ ಗ್ರಾಹಕನ ಮನೆಯ ಮೂಲೆ ಸೇರುತ್ತದೆ.

ಯುಎಸ್‌ಬಿ ತೋರಿದ ದಾರಿ

1998ರಲ್ಲಿ ಪ್ರಕಟವಾದ ಯುಎಸ್‌ಬಿ ಆಡಿಯೋ ಕ್ಲಾಸ್ ಇದಕ್ಕೊಂದು ಪರಿಹಾರ ನೀಡಿತು. ಈ ನಿಯಮಕ್ಕೆ ಹೊಂದುವ ಸಾಧನವು ಜೋಡಿಸಿದೊಡನೆ ತನ್ನ ವಿವರವನ್ನು ತಾನೇ ಒಪ್ಪಿಸುತ್ತದೆ: ಧ್ವನಿ ಒಳಬರುವುದೆಲ್ಲಿ, ಹೊರಹೋಗುವುದೆಲ್ಲಿ, ಏರಿಳಿತದ ನಿಯಂತ್ರಣ ಯಾವುದು, ಸೆಕೆಂಡಿಗೆ ಎಷ್ಟು ಮಾದರಿಗಳು. ಕಾರ್ಯಾಚರಣ ವ್ಯವಸ್ಥೆಯಲ್ಲಿ ಮೊದಲೇ ಇರುವ ಒಂದೇ ಡ್ರೈವರ್ ಎಲ್ಲ ತಯಾರಕರ ಸರಕಿಗೂ ಸಾಕಾಗುತ್ತದೆ.

ಆದರೆ ನಿಯಮ ಬರೆದ ಮಾತ್ರಕ್ಕೆ ಅದು ಜಾರಿಯಾಗುವುದಿಲ್ಲ. ಇದರ ಎರಡನೆಯ ಆವೃತ್ತಿ 2006ರಲ್ಲಿ ಬಂದರೂ ವಿಂಡೋಸ್ ಅದನ್ನು ತನ್ನೊಳಗೆ ಸೇರಿಸಿಕೊಂಡದ್ದು 2017ರಲ್ಲಿ. ಮ್ಯಾಕ್ ಮತ್ತು ಲಿನಕ್ಸ್ ಅದಕ್ಕೂ ಮೊದಲೇ ಅಳವಡಿಸಿಕೊಂಡಿದ್ದವು. ಆ ನಡುವಿನ ವರ್ಷಗಳಲ್ಲಿ ಹೊಸ ನಿಯಮವನ್ನು ನಂಬಿ ತಯಾರಿಸಿದವರು ವಿಂಡೋಸ್ ಗ್ರಾಹಕರಿಗಾಗಿ ಪ್ರತ್ಯೇಕ ಡ್ರೈವರ್ ಒದಗಿಸಬೇಕಾಯಿತು.

ಪೆಟ್ಟಿಗೆಯೊಳಗಿನ ಮೌನ

ಯಂತ್ರದ ಒಳಗಿನ ಧ್ವನಿ ಚಿಪ್ಪುಗಳ ಕಥೆ ಇನ್ನೂ ಜಟಿಲ. ಫಿಲಿಪ್ಸ್ ಸಂಸ್ಥೆ 1986ರಲ್ಲಿ ರೂಪಿಸಿದ ಐ2ಎಸ್ ತಂತಿಗಳು ಧ್ವನಿಯನ್ನು ಸಾಗಿಸುತ್ತವೆಯೇ ಹೊರತು, ಆಚೆ ತುದಿಯಲ್ಲಿ ಯಾವ ಚಿಪ್ ಇದೆಯೆಂದು ತಿಳಿಸುವುದಿಲ್ಲ. ಅದನ್ನು ಬೇರೆಡೆ ಬರೆದಿಡಲೇಬೇಕು.

ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಆ ಕಾಲದ್ದು. ಲಿನಕ್ಸ್ ಆಧಾರಿತ ಈ ಅಂಗೈ ಗಣಕಕ್ಕಾಗಿ ಪಠ್ಯವನ್ನು ಮಾತಾಗಿಸುವ ‘ಧ್ವನಿ’ ತಂತ್ರಾಂಶವೂ ಸಿದ್ಧವಾಗಿತ್ತು. ಅಂದಿನ ಆರ್ಮ್ ಗಣಕಗಳಲ್ಲಿ ಪ್ರತಿಯೊಂದು ಬೋರ್ಡಿನ ವಿವರವನ್ನೂ ಲಿನಕ್ಸ್‌ನ ತಿರುಳಿನೊಳಗೇ ಬರೆಯಬೇಕಿತ್ತು. ಬೋರ್ಡ್ ಬದಲಾದರೆ ತಂತ್ರಾಂಶವೂ ಬದಲಾಗಬೇಕಿತ್ತು. 2011ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಈ ಗೊಂದಲವನ್ನು ಕಟುವಾಗಿ ಟೀಕಿಸಿದರು. ಅನಂತರ ಬೋರ್ಡಿನ ವಿವರವನ್ನು ‘ಡಿವೈಸ್ ಟ್ರೀ’ ಎಂಬ ಪ್ರತ್ಯೇಕ ಕಡತದಲ್ಲಿಡುವ ಕ್ರಮ ಆರ್ಮ್ ಲೋಕದಲ್ಲಿ ನೆಲೆಯೂರಿತು. ಸಾಮಾನ್ಯ ಪಿಸಿಗಳಲ್ಲಿ 1996ರಿಂದ ಬಂದ ‘ಎಸಿಪಿಐ’ ಪಟ್ಟಿಯು ಇದೇ ಕೆಲಸ ಮಾಡುತ್ತದೆ.

ಹೀಗೆ ಒಂದೇ ಸರಕಿಗೆ ಎರಡು ಖಾತೆ ಪುಸ್ತಕಗಳಾದವು. 2015ರ ಲಿನಕ್ಸ್ 3.19 ಆವೃತ್ತಿಯು ಎರಡನ್ನೂ ಒಂದೇ ರೀತಿಯಲ್ಲಿ ಓದುವ ಏರ್ಪಾಡು ಮಾಡಿತು. ಮಿಪಿ ಒಕ್ಕೂಟದ ‘ಡಿಸ್ಕೋ’ ನಿಯಮಾವಳಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಸೌಂಡ್‌ವೈರ್ ತಂತಿಯ ಸಾಧನಗಳ ಗುಣಗಳಿಗೆ ನಿಶ್ಚಿತ ಹೆಸರುಗಳನ್ನೇ ಗೊತ್ತುಪಡಿಸಿತು. ಸೌಂಡ್‌ವೈರ್ ವ್ಯವಸ್ಥೆ 2018ರಲ್ಲಿ ಲಿನಕ್ಸ್ ಸೇರಿತು.

ವಿವರ ಸತ್ಯವಾಗಿರಲಿ

ಸಮಾನ ಭಾಷೆಯಿದ್ದರೂ ಅದರಲ್ಲಿ ಸುಳ್ಳು ಬರೆದರೆ ಪ್ರಯೋಜನವಿಲ್ಲ. 2004ರ ಇಂಟೆಲ್ ಎಚ್‌ಡಿ ಆಡಿಯೋ ಪದ್ಧತಿಯಲ್ಲಿ ಯಾವ ಪಿನ್ನು ಸ್ಪೀಕರಿಗೆ, ಯಾವುದು ಮೈಕಿಗೆ ಎಂದು ದಾಖಲಿಸುವ ಸ್ಥಳವಿದೆ. ಹಲವು ಯಂತ್ರಗಳಲ್ಲಿ ಆ ದಾಖಲೆಯೇ ತಪ್ಪಾಗಿದ್ದುದರಿಂದ ಲಿನಕ್ಸ್ ಇಂದಿಗೂ ಮಾದರಿವಾರು ತಿದ್ದುಪಡಿಗಳ ಉದ್ದನೆಯ ಪಟ್ಟಿಯನ್ನು ಹೊತ್ತಿದೆ. ಚೀಲದ ಮೇಲೆ ರಾಶಿಯೆಂದು ಬರೆದು ಒಳಗೆ ಗೋಟು ತುಂಬಿದಂತೆ ಇದು.

ಆದ್ದರಿಂದ ಧ್ವನಿ ಸಾಮಗ್ರಿಯ ಖರೀದಿ ಆದೇಶದಲ್ಲಿ ಮೂರು ಅಂಶಗಳನ್ನು ಕಾಣಿಸುವುದು ಕ್ಷೇಮಕರ. ಸಾಧನವು ಯುಎಸ್‌ಬಿ ಆಡಿಯೋ ಕ್ಲಾಸಿನ ಯಾವ ಆವೃತ್ತಿಗೆ ಹೊಂದುತ್ತದೆ. ಪ್ರತ್ಯೇಕ ಡ್ರೈವರ್ ಇಲ್ಲದೆ ಯಾವ ಯಾವ ವ್ಯವಸ್ಥೆಗಳಲ್ಲಿ ಅದನ್ನು ಪರೀಕ್ಷಿಸಲಾಗಿದೆ. ಬೋರ್ಡನ್ನೇ ಕೊಳ್ಳುವುದಾದರೆ ಅದರ ಡಿವೈಸ್ ಟ್ರೀ ಅಥವಾ ಎಸಿಪಿಐ ವಿವರ ಜೊತೆಗೆ ದೊರೆಯುತ್ತದೆಯೇ. ಉತ್ತರ ಸಿಗದ ಸರಕು ಅಗ್ಗವಾಗಿದ್ದರೂ, ಮುಂದಿನ ದುರಸ್ತಿಯ ವೆಚ್ಚ ಮಾರಿದವನ ಹೆಗಲೇರುವುದು ಖಚಿತ.