ಎಲೆ ಬಿದ್ದಂತೆ ಕಥೆ

ಪುಣೆಯ ಡೆಕ್ಕನ್ ಕಾಲೇಜಿನ ಹಸ್ತಪ್ರತಿ ಸಂಗ್ರಹದಿಂದ ಬೆಳಕಿಗೆ ಬಂದ ಮರಾಠಿ ‘ಮೋಕ್ಷಪಟ’ಗಳು ಮೊದಲ ನೋಟಕ್ಕೆ ಹಾವು-ಏಣಿಯ ಹಾಸುಗಳೇ. ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ಗ್ರಂಥಪಾಲಕರಾಗಿದ್ದ ವಾ. ಲ. ಮಂಜುಳ್ ಅವನ್ನು ಹುಡುಕಿ ತೆಗೆದರು. ಆಟವನ್ನು 13ನೇ ಶತಮಾನದ ಸಂತ ಜ್ಞಾನೇಶ್ವರರ ಹೆಸರಿಗೆ ಜೋಡಿಸುವ ರೂಢಿ ಮರಾಠಿಗರಲ್ಲಿದೆ. ಕವಡೆ ಉರುಳಿದಂತೆ ಕಾಯಿ ಮೇಲೇರುತ್ತದೆ, ಕಾಮಕ್ರೋಧಗಳ ಹಾವಿನ ಬಾಯಿಗೂ ಬೀಳುತ್ತದೆ. ಗೆಲ್ಲಲು ಕೂತವನು ತನ್ನ ನಡೆನುಡಿಯನ್ನೂ ಅಲ್ಲಿ ಓದಿಕೊಳ್ಳುತ್ತಾನೆ.

ಆಟಕ್ಕೂ ಶಕುನಕ್ಕೂ ನಡುವಿನ ಗೋಡೆ ಎಲ್ಲ ಕಡೆಯೂ ಇಷ್ಟೇ ತೆಳು. ಜರ್ಮನಿಯ ನ್ಯೂರೆಂಬರ್ಗಿನ ಯೋಹಾನ್ ಕಾಸ್ಪರ್ ಹೆಕ್ಟೆಲ್ 1799ರ ಸುಮಾರಿಗೆ 36 ಎಲೆಗಳ ಒಂದು ಆಟ ರೂಪಿಸಿದ. ಎಲೆಗಳನ್ನು ಆರಾರರಂತೆ ಆರು ಸಾಲು ಹಾಸಿ, ದಾಳ ಉರುಳಿಸಿ ಕಾಯಿ ನಡೆಸಬೇಕಿತ್ತು. ಹಡಗು, ಲಂಗರು, ಹಾವು, ಶವಪೆಟ್ಟಿಗೆ ಮುಂತಾದ ಅದೇ ಚಿತ್ರಗಳು, ಪ್ಯಾರಿಸ್ಸಿನ ಹೆಸರಾಂತ ಕಣಿಗಾರ್ತಿ ಲೆನೊರ್ಮಾಂಡ್ 1843ರಲ್ಲಿ ತೀರಿಕೊಂಡ ಮೇಲೆ, ಆಕೆಯ ಹೆಸರಿನ ಭವಿಷ್ಯದ ಎಲೆಗಳಾಗಿ ಮಾರಾಟವಾದವು. ಟ್ಯಾರೋ ಅಲ್ಲದ ಶಕುನದೆಲೆಗಳಲ್ಲಿ ಇಂದಿಗೂ ಹೆಚ್ಚು ಹೆಸರುವಾಸಿಯಾದ ಕಟ್ಟು ಇದೇ.

ಇಂಥ ಎಲೆಗಳನ್ನು ನಡುವೆ ಇಟ್ಟುಕೊಂಡು ಪಾತ್ರಾಭಿನಯದ ಆಟ ಕಟ್ಟುವವರು ಈಗ ಹಲವರಿದ್ದಾರೆ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಮಾತಿನಲ್ಲೇ ಕಥೆ ಬೆಳೆಸುವ ಆಟ ಇದು. ವೇಷವಿಲ್ಲ, ರಂಗವಿಲ್ಲ. ತಾಳಮದ್ದಳೆಯ ಅರ್ಥಧಾರಿಗಳಂತೆ ಆಡುವವರು ಆ ಕ್ಷಣಕ್ಕೆ ಹೊಳೆದದ್ದನ್ನು ಪಾತ್ರವಾಗಿ ಮಾತಾಡುತ್ತಾರೆ. ಆದರೆ ಪ್ರಸಂಗ ಮುಂದೆ ಎತ್ತ ಹೋಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆ ತೀರ್ಮಾನವನ್ನು ದಾಳಕ್ಕೆ ಬಿಟ್ಟಿತು. ದಾಳ ಕೊಡುವುದು ಸಂಖ್ಯೆಯನ್ನು. ಎಲೆ ಕೊಡುವುದು ಚಿತ್ರವನ್ನು, ಚಿತ್ರವನ್ನು ನೋಡಿದವರು ಸುಮ್ಮನೆ ಕೂರಲಾರರು.

1995ರಲ್ಲಿ ಜೊನಾಥನ್ ಟ್ವೀಟ್ ರಚಿಸಿದ ‘ಎವರ್‌ವೇ’ ದಾಳವನ್ನೇ ಕೈಬಿಟ್ಟಿತು. ಅದಕ್ಕಾಗಿಯೇ ಬರೆಸಿದ 36 ಅದೃಷ್ಟದೆಲೆಗಳು ಅದರಲ್ಲಿದ್ದವು. ನೆಟ್ಟಗೆ ಬಿದ್ದರೆ ಒಂದು ಅರ್ಥ, ತಲೆಕೆಳಗಾದರೆ ಇನ್ನೊಂದು. ಆಟ ನಡೆಸುವವರು ಪಾತ್ರದ ಯೋಗ್ಯತೆ ನೋಡಿ ಫಲ ಹೇಳಬಹುದು, ಕಥೆಗೆ ಒಪ್ಪುವುದನ್ನು ನೋಡಿ ಹೇಳಬಹುದು, ಇಲ್ಲವೇ ಎಲೆ ಎತ್ತಿ ಹೇಳಬಹುದು. ಮೊದಲನೆಯದಕ್ಕೆ ಟ್ವೀಟ್ ಇಟ್ಟ ಹೆಸರು ‘ಕರ್ಮ’. ಅಲೆಕ್ಸ್ ರಾಬರ್ಟ್ಸ್ ಅವರ ‘ಫಾರ್ ದ ಕ್ವೀನ್’ (2019) ಇನ್ನೂ ಮುಂದೆ ಹೋಗಿ, ಎಲೆಯ ಮೇಲೆ ಉತ್ತರದ ಬದಲು ಪ್ರಶ್ನೆ ಬರೆಯಿತು. ಎಲ್ಲರೂ ಒಬ್ಬ ರಾಣಿಯ ಜೊತೆ ಪಯಣಿಸುವ ಪರಿವಾರ. ಒಂದೊಂದು ಎಲೆಯೂ ರಾಣಿಯೊಡನೆ ನಿನಗಿರುವ ನಂಟನ್ನು ಕೆದಕುತ್ತದೆ. ಕೊನೆಯಲ್ಲಿ ರಾಣಿಯ ಮೇಲೆ ದಾಳಿಯಾಗುತ್ತದೆ: ಅವಳನ್ನು ಕಾಪಾಡುತ್ತೀಯಾ? ಈ ಕಲೆಯ ತಿರುಳೆಲ್ಲ ಇಲ್ಲಿದೆ. ತೀರ್ಪು ಕೊಡುವ ಎಲೆ ಕಥೆಯನ್ನು ಮುಗಿಸುತ್ತದೆ, ಪ್ರಶ್ನೆ ಕೇಳುವ ಎಲೆ ಅದನ್ನು ಬೆಳೆಸುತ್ತದೆ.

ಪುಣೆಯಲ್ಲಿ ಕೂತು ಇಂಥ ಆಟ ಕಟ್ಟಹೊರಟವರು ಎಲೆಗಳಿಗಾಗಿ ಯುರೋಪಿನ ಕಡೆ ನೋಡಬೇಕಿಲ್ಲ. ಅದೇ ರಾಜ್ಯದ ಸಾವಂತವಾಡಿಯಲ್ಲಿ ಚಿತಾರಿ ಕುಶಲಕರ್ಮಿಗಳು ಅರಗಿನ ಹೊಳಪಿನ ದುಂಡನೆಯ ಗಂಜೀಫಾ ಎಲೆಗಳನ್ನು ಬರೆಯುತ್ತ ಬಂದಿದ್ದಾರೆ. ಕಸುಬು ಕ್ಷೀಣಿಸಿದಾಗ ಅಲ್ಲಿನ ರಾಜಮನೆತನದ ಶಿವರಾಮರಾಜೇ ಮತ್ತು ಸತ್ವಶೀಲಾದೇವಿ ಭೋಂಸ್ಲೆ ಅರಮನೆಯಲ್ಲೇ ಜಾಗ ಕೊಟ್ಟು ಅದನ್ನು ಉಳಿಸಿದರು. ಬಾಬರ್ 1527ರಲ್ಲಿ ಸಿಂಧ್‌ನ ಶಾ ಹಸನ್‌ನಿಗೆ ಗಂಜೀಫಾ ಕಳುಹಿಸಿದ್ದನ್ನು ಬರೆದಿಟ್ಟಿದ್ದಾನೆ. ಮೊಗಲರ ಕಟ್ಟಿನಲ್ಲಿ ಎಂಟು ಪಂಗಡ, 96 ಎಲೆ. ನಮ್ಮ ಜನ ಅದನ್ನು ದಶಾವತಾರವಾಗಿಸಿ ಹತ್ತು ಪಂಗಡ, 120 ಎಲೆ ಮಾಡಿದರು. ಪ್ರತಿ ಅವತಾರಕ್ಕೂ ಒಬ್ಬ ರಾಜ, ಒಬ್ಬ ಪ್ರಧಾನ, ಒಂದರಿಂದ ಹತ್ತರವರೆಗಿನ ಎಲೆಗಳು.

ಆಟ ರೂಪಿಸುವವರಿಗೆ ಚಿತ್ರಗಳಿಗಿಂತ ದೊಡ್ಡ ನಿಧಿ ಇದರ ಹಳೆಯ ನಿಯಮಗಳಲ್ಲಿದೆ. ಹಗಲು ಆಡಿದರೆ ರಾಮನ ಎಲೆ ಇದ್ದವರು ಮೊದಲು ಎಲೆ ಹಾಕಬೇಕು, ರಾತ್ರಿ ಆಡಿದರೆ ಕೃಷ್ಣನ ಎಲೆ ಇದ್ದವರು. ಕಥೆಯೊಳಗೆ ಕತ್ತಲಾದೊಡನೆ ಮುಂದಾಳು ಬದಲಾಗುವ ಆಟ ಇಲ್ಲೇ ಸಿದ್ಧವಿದೆ. ಐದು ಪಂಗಡಗಳಲ್ಲಿ ಹತ್ತು ಹಿರಿದು, ಉಳಿದ ಐದರಲ್ಲಿ ಒಂದೇ ಹಿರಿದು. ಅಂದರೆ ಬಲದಿಂದ ಗೆಲ್ಲುವ ಸನ್ನಿವೇಶಕ್ಕೆ ಒಂದು ಬಗೆಯ ಪಂಗಡ, ಉಪಾಯದಿಂದಲೋ ತಾಳ್ಮೆಯಿಂದಲೋ ದಾಟಬೇಕಾದ ಸನ್ನಿವೇಶಕ್ಕೆ ಇನ್ನೊಂದು. ರಾಜ-ಪ್ರಧಾನರ 20 ಎಲೆಗಳನ್ನು ಬೇರೆ ತೆಗೆದಿಟ್ಟರೆ ಅವೇ ಶಕುನದ ಕಟ್ಟು, ಉಳಿದ 100 ಎಲೆ ಬಲಾಬಲಕ್ಕೆ. ವರಾಹನ ಪ್ರಧಾನ ಬಿದ್ದರೆ ‘ಮುಳುಗಿದ್ದನ್ನು ಮೇಲೆತ್ತಲು ನೀನೇನು ಬಿಡುತ್ತೀಯ?’ ಎಂದು ಕೇಳಬಹುದು. ವಾಮನನ ರಾಜ ಬಂದರೆ ‘ಚಿಕ್ಕದೆಂದು ನೀನು ಒಪ್ಪಿದ ಬೇಡಿಕೆ ಯಾವುದು?’ ಎನ್ನಬಹುದು. ಕಥೆ ಬಲ್ಲ ಅಜ್ಜಿಯೂ ಈ ಆಟಕ್ಕೆ ನಿಯಮಪುಸ್ತಕ ಓದದೆ ಕೂರಬಲ್ಲಳು. ಟ್ಯಾರೋದ 78 ಎಲೆಗಳಿಗೆ ನಮ್ಮಲ್ಲಿ ಈ ಅನುಕೂಲವಿಲ್ಲ.

ದೇವರ ಚಿತ್ರವನ್ನು ಆಟಕ್ಕೆ ಎಳೆಯುವುದು ಸರಿಯೇ ಎಂಬ ಅಳುಕು ಕೆಲವರಿಗಿರುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಇದಕ್ಕೆ ಆಗಲೇ ಉತ್ತರ ಕೊಟ್ಟಿದ್ದಾರೆ. ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಭಾಗದಲ್ಲಿ ಅವರು ಎಲೆಯಾಟಗಳನ್ನು ವಿವರಿಸಿದ್ದಾರೆ; ಚಾಮುಂಡೇಶ್ವರಿಯ ಹೆಸರಿನ ಕಟ್ಟಿನಲ್ಲಿ 320 ಎಲೆಗಳು. ದೈವಭಕ್ತ ಅರಸನೊಬ್ಬ ತನ್ನ ಕುಲದೇವತೆಯ ಹೆಸರಿನಲ್ಲೇ ಆಟ ಹೂಡಿದ್ದು ಸಣ್ಣ ಮಾತಲ್ಲ. ನಮ್ಮ ಕಾಲದಲ್ಲಿ ಆ ಚಿತ್ರಕಲೆಗೆ ಮರುಜೀವ ಕೊಟ್ಟವರು ರಘುಪತಿ ಭಟ್ಟರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೂ ಎಲೆಗಳು ಹೆಚ್ಚಾಗಿ ಗೋಡೆಯ ಗಾಜಿನ ಹಿಂದೆಯೇ ಇವೆ, ಜನರ ಕೈಗೆ ಬಂದಿಲ್ಲ.

ಗಿಳಿಶಾಸ್ತ್ರದಲ್ಲೂ ಒಂದು ಪಾಠವಿದೆ. ಗಿಳಿ ಹಿಡಿದು ಪಂಜರದಲ್ಲಿಡುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಹಾಗಾಗಿ ಆ ಪದ್ಧತಿ ಮರಳಬಾರದು. ಆದರೆ ಅದರ ಏರ್ಪಾಡು ಚೆಲುವಾಗಿತ್ತು. ನಕ್ಷತ್ರಗಳಷ್ಟೇ, 27 ಎಲೆಗಳು. ಕೇಳುವವರು ಒಬ್ಬರು, ಎಲೆ ಎತ್ತುವುದು ಹಕ್ಕಿ, ಓದಿ ಹೇಳುವವರು ಮತ್ತೊಬ್ಬರು. ಇದನ್ನೇ ಮೇಜಿಗೆ ತಂದರೆ ಎಡಗಡೆಯವರು ಎಲೆ ಎತ್ತಿ, ಬಲಗಡೆಯವರು ಅದನ್ನು ಪ್ರಶ್ನೆಯಾಗಿ ಓದಿ, ನಡುವಿನವರು ಪಾತ್ರವಾಗಿ ಉತ್ತರಿಸಬಹುದು. ಆಗ ಒಬ್ಬರೇ ಕಥೆಯನ್ನು ತಮಗೆ ಬೇಕಾದ ಕಡೆ ಎಳೆದುಕೊಂಡು ಹೋಗಲಾಗದು.

ಹೊಸ ಆಟಕ್ಕೆ ಮೊದಲ ಪರೀಕ್ಷೆ ಆಡುವುದರಲ್ಲೇ ಆಗಬೇಕು. ಪುಣೆಯ ಗಣೇಶನಗರದಲ್ಲಿ ಕನ್ನಡ ಸಂಘದ ಶಾಲೆಯಿದೆ. ಕನ್ನಡ, ಮರಾಠಿ ಎರಡನ್ನೂ ಆಡುವ ಮಕ್ಕಳಿಗೆ ದಶಾವತಾರದ ಕಥೆ ಎರಡು ಕಡೆಯಿಂದಲೂ ಗೊತ್ತಿರುತ್ತದೆ. ಅಂಥ ಕಡೆಯ ಮೇಷ್ಟರುಗಳು, ಪೋಷಕರು ರಟ್ಟಿನ ಮೇಲೆ 20 ಚಿತ್ರ ಬರೆಸಿ, ಎಲೆಗೊಂದು ಪ್ರಶ್ನೆ ಸೇರಿಸಿ, ಈ ರಜೆಯಲ್ಲಿ ಐದು ಮಕ್ಕಳನ್ನು ಕೂರಿಸಿ ಆಡಿಸಿ ನೋಡಲಿ.