ಸದ್ದಿದೆ, ಚಿತ್ರವಿಲ್ಲ

ಕಂಪ್ಯೂಟರ್ ಆಟವೊಂದನ್ನು ತೆರೆದೊಡನೆ ಪರದೆ ಕಪ್ಪಾಗಿ ನಿಂತರೆ, ಆಟದ ಫೈಲುಗಳೇ ಕೆಟ್ಟಿವೆಯೆಂದು ಬಗೆದು ಅದನ್ನು ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವವರು ಬಹಳ ಮಂದಿ. ಆದರೆ ಎಷ್ಟೋ ಸಲ ಆಟ ಸರಿಯಾಗಿಯೇ ಇದ್ದು, ಚಿತ್ರದ ಅಳತೆ ಮತ್ತು ವೇಗಗಳ ವಿಷಯದಲ್ಲಿ ಆಟಕ್ಕೂ ಮಾನಿಟರಿಗೂ ಹೊಂದಾಣಿಕೆ ತಪ್ಪಿರುತ್ತದೆ. ಪೂರ್ಣಪರದೆಯಲ್ಲಿ ತೆರೆದುಕೊಳ್ಳುವ ಹಳೆಯ ಆಟಗಳು ತಮಗೆ ಬೇಕಾದ ರೆಸಲ್ಯೂಶನ್ನನ್ನು, ಅಂದರೆ ಪರದೆಯ ಅಗಲಕ್ಕೆ ಮತ್ತು ಎತ್ತರಕ್ಕೆ ಎಷ್ಟೆಷ್ಟು ಚುಕ್ಕೆಗಳಿರಬೇಕೆಂಬ ಲೆಕ್ಕವನ್ನು, ಹಾಗೂ ರಿಫ್ರೆಶ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಹೊಸದಾಗಿ ಮೂಡಬೇಕೆಂಬ ಲೆಕ್ಕವನ್ನು, ತಾವೇ ಗೊತ್ತುಮಾಡುವುದುಂಟು. 60 ಹರ್ಟ್ಸ್‌ಗಷ್ಟೇ ತಯಾರಾದ ಮಾನಿಟರಿಗೆ 85 ಹರ್ಟ್ಸ್‌ನ ಸಂಕೇತ ಬಂದರೆ, ಅದು ಚಿತ್ರ ತೋರಿಸದೆ, ಸಂಕೇತ ತನ್ನ ಮಿತಿ ಮೀರಿದೆಯೆಂಬ ಒಂದು ಸಾಲಿನ ಸೂಚನೆ ಕೊಟ್ಟು ಸುಮ್ಮನಾಗಬಹುದು.

ಆದುದರಿಂದ ಮೊದಲು ಮಾಡಬೇಕಾದ ಪರೀಕ್ಷೆ ಕಿವಿಗೆ ಸೇರಿದ್ದು. ಕಪ್ಪು ಪರದೆಯ ಹಿಂದೆ ಸಂಗೀತ ಕೇಳುತ್ತಿದ್ದು, ಬಾಣದ ಕೀಲಿ ಒತ್ತಿದಾಗಲೆಲ್ಲ ಮೆನುವಿನ ಸದ್ದು ಹೊರಡುತ್ತಿದ್ದರೆ, ಆಟ ನಡೆಯುತ್ತಲೇ ಇದೆ, ಚಿತ್ರ ಮಾತ್ರ ಬರುತ್ತಿಲ್ಲ ಎಂದು ತಿಳಿಯಬಹುದು. ಆಗ ಆಲ್ಟ್ ಮತ್ತು ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅನೇಕ ಆಟಗಳು ಪೂರ್ಣಪರದೆಯನ್ನು ಬಿಟ್ಟು ವಿಂಡೋ ಒಳಗೆ ಕಾಣಿಸಿಕೊಳ್ಳುತ್ತವೆ. ಅದರಿಂದಲೂ ಫಲ ಸಿಗದಿದ್ದರೆ, ಆಟವು ತನ್ನ ಆಯ್ಕೆಗಳನ್ನು ಬರೆದಿಟ್ಟುಕೊಳ್ಳುವ ಸೆಟ್ಟಿಂಗ್ಸ್ ಫೈಲಿನ ಹೆಸರನ್ನು ಬದಲಿಸಿ ನೋಡಬೇಕು, ಹಳೆಯ ಫೈಲು ಸಿಗದಾಗ ಹೆಚ್ಚಿನ ಆಟಗಳು ಮೂಲ ಅಳತೆಗಳೊಂದಿಗೆ ಹೊಸದನ್ನು ತಾವೇ ಬರೆದುಕೊಳ್ಳುತ್ತವೆ. ಫೈಲನ್ನು ಅಳಿಸುವುದಕ್ಕಿಂತ ಹೆಸರು ಬದಲಿಸುವುದೇ ಲೇಸು. ವಾರಗಟ್ಟಲೆ ಆಡಿ ಉಳಿಸಿಕೊಂಡ ಆಟದ ದಾಖಲೆಗಳು ಅದೇ ಫೋಲ್ಡರಿನಲ್ಲಿದ್ದು, ಅವಸರದಲ್ಲಿ ಅವೂ ಅಳಿದುಹೋಗಬಹುದು. ಸದ್ದೂ ಇಲ್ಲದೆ ಆಟ ನಿಂತೇಹೋಗಿದ್ದರೆ ಗಮನ ಡ್ರೈವರಿನ ಕಡೆಗೆ, ಅಂದರೆ ಗ್ರಾಫಿಕ್ಸ್ ಕಾರ್ಡಿಗೆ ಆಜ್ಞೆಗಳನ್ನು ತಲುಪಿಸುವ ತಂತ್ರಾಂಶದ ಕಡೆಗೆ, ಹರಿಯಬೇಕು.

ಬಣ್ಣ ಕೆಡುವ ಪ್ರಸಂಗ ಇದಕ್ಕಿಂತ ಸ್ವಾರಸ್ಯಕರವಾದುದು. 1999ರಲ್ಲಿ ಬಿಡುಗಡೆಯಾದ ‘ಏಜ್ ಆಫ್ ಎಂಪೈರ್ಸ್ 2’ ಆಟವನ್ನು ಹತ್ತು ವರ್ಷಗಳ ಅನಂತರ ಬಂದ ವಿಂಡೋಸ್ 7ರಲ್ಲಿ ತೆರೆದವರಲ್ಲಿ ಅನೇಕರಿಗೆ ಹುಲ್ಲು, ನೀರುಗಳು ಕೆಂಪು, ನೇರಳೆಯ ತೇಪೆಗಳಾಗಿ ಕಂಡವು. ಇದರ ಮೂಲ ಆ ಕಾಲದ ಮಿತವ್ಯಯದಲ್ಲಿದೆ. 800 ಚುಕ್ಕೆ ಅಗಲ, 600 ಚುಕ್ಕೆ ಎತ್ತರದ ಚಿತ್ರದಲ್ಲಿ 4,80,000 ಚುಕ್ಕೆಗಳಿದ್ದು, ಪ್ರತಿಯೊಂದರ ಪೂರ್ಣ ಬಣ್ಣವನ್ನು ಬರೆದಿಡಲು ಮೂರು ಬೈಟ್‌ನಂತೆ 14,40,000 ಬೈಟ್ ಬೇಕಾಗುತ್ತದೆ. ಅಷ್ಟನ್ನು ವ್ಯಯಿಸದೆ, 256 ಬಣ್ಣಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿ, ಪ್ರತಿ ಚುಕ್ಕೆಗೂ ಆ ಪಟ್ಟಿಯಲ್ಲಿನ ಸಂಖ್ಯೆಯನ್ನಷ್ಟೇ ಒಂದು ಬೈಟ್‌ನಲ್ಲಿ ಬರೆದರೆ ಮೂರನೆಯ ಒಂದು ಭಾಗ ಸಾಕು. ಈ ಪಟ್ಟಿಗೆ ಪ್ಯಾಲೆಟ್ ಎಂದು ಹೆಸರು. ಅದು ಇಡೀ ಪರದೆಗೆ ಒಂದೇ ಆಗಿರುವುದರಿಂದ, ಡೆಸ್ಕ್‌ಟಾಪ್ ಮತ್ತು ಟಾಸ್ಕ್‌ಬಾರ್‌ಗಳನ್ನು ನೋಡಿಕೊಳ್ಳುವ ಎಕ್ಸ್‌ಪ್ಲೋರರ್ ಎಂಬ ಪ್ರೋಗ್ರಾಮ್ ಅದರ ಕೆಲವು ಮನೆಗಳಲ್ಲಿ ತನ್ನ ಬಣ್ಣಗಳನ್ನು ತುಂಬಿದಾಗ, ಆಟ ಹಸಿರೆಂದು ತಿಳಿದು ಬರೆದ ಸಂಖ್ಯೆ ಪರದೆಯ ಮೇಲೆ ನೇರಳೆಯಾಗಿ ಮೂಡುತ್ತದೆ. ಆಟದ ಚಿತ್ರಗಳಲ್ಲಿ ಒಂದು ಚುಕ್ಕೆಯೂ ಕೆಟ್ಟಿರುವುದಿಲ್ಲ. ಮತ್ತೆ ಇನ್‌ಸ್ಟಾಲ್ ಮಾಡಿದವರ ಶ್ರಮವೆಲ್ಲ ವ್ಯರ್ಥವಾದದ್ದು ಈ ಕಾರಣದಿಂದಲೇ.

ಆಟಗಾರರು ಕಂಡುಕೊಂಡ ಪರಿಹಾರ ಸರಳವಾಗಿತ್ತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಎಕ್ಸ್‌ಪ್ಲೋರರನ್ನು ನಿಲ್ಲಿಸಿ, ಅಲ್ಲಿನ ಫೈಲ್ ಮೆನುವಿನಿಂದಲೇ ಆಟವನ್ನು ಆರಂಭಿಸಿದರೆ ಹುಲ್ಲು ಮತ್ತೆ ಹಸಿರಾಗುತ್ತಿತ್ತು. ಎಕ್ಸ್‌ಪ್ಲೋರರ್ ನಿಂತೊಡನೆ ಟಾಸ್ಕ್‌ಬಾರ್, ಐಕಾನ್‌ಗಳೆಲ್ಲ ಮಾಯವಾಗುವುದು ಹೊಸಬರಿಗೆ ಗಾಬರಿ ಹುಟ್ಟಿಸಿದರೂ, ಆಟ ಮುಗಿದ ಮೇಲೆ ಅದೇ ಮೆನುವಿನಲ್ಲಿ ಎಕ್ಸ್‌ಪ್ಲೋರರ್ ಹೆಸರನ್ನು ಟೈಪಿಸಿ ಎಂಟರ್ ಒತ್ತಿದರೆ ಅವೆಲ್ಲವೂ ಇದ್ದ ಜಾಗಕ್ಕೆ ಮರಳುತ್ತಿದ್ದವು.